ಆ ರೋಬೋಟ್ ಕಾಮಿಕ್ಸಿನದ್ದಲ್ಲ

ಬದಿಯಡ್ಕ, ಕುಂಬ್ಳೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಉಂಟು, 1970ರ ಜಪಾನಿ ಸ್ಪೈಡರ್‌ಮ್ಯಾನ್ ಕಾಮಿಕ್ಸಲ್ಲಿ ಅಮೆರಿಕದ ಕತೆಯ ಹೀರೋ ಪೀಟರ್ ಪಾರ್ಕರ್ ದೈತ್ಯ ರೋಬೋಟ್ ಓಡಿಸ್ತಾನೆ ಅಂತ. ಅದು ತಪ್ಪು ಮಾರಾಯ್ರೆ. ಲಿಯೋಪಾರ್ಡನ್ ಅನ್ನುವ ಆ ರೋಬೋಟ್ ಬಂದದ್ದು 1978ರ ಜಪಾನಿ ಸ್ಪೈಡರ್‌ಮ್ಯಾನ್ ಟಿವಿ ಸೀರಿಯಲಲ್ಲಿ, ಅಲ್ಲಿನ ತೋಯಿ ಕಂಪೆನಿ ಮಾಡಿದ್ದು, ಅದರ ಹೀರೋ ಬೈಕ್ ರೇಸರ್ ತಕುಯಾ ಯಾಮಾಶಿರೊ. ಕಾಮಿಕ್ಸ್ ಬೇರೆಯೇ. ಚಿತ್ರ ರ್ಯೋಇಚಿ ಇಕೆಗಾಮಿಯವರದ್ದು, ಹೀರೋ ಯು ಕೊಮೊರಿ ಅಂತ ಹೈಸ್ಕೂಲ್ ಹುಡುಗ, ಜೇಡ ಕಚ್ಚುದು, ಎಲೆಕ್ಟ್ರೋ, ಲಿಝರ್ಡ್ ಅನ್ನುವ ವಿಲನ್‌ಗಳು ಎಲ್ಲ ಸುರುವಿಗೆ ಅಮೆರಿಕದ ಕತೆಯಿಂದ ತಕ್ಕೊಂಡದ್ದೇ, ಆಮೇಲೆ ಕತೆ ತನ್ನದೇ ದಾರಿ ಹಿಡಿತದೆ, ಆ ಹುಡುಗನ ಒಂಟಿತನ ಓದುವಾಗ ಸಂಕಟ ಆಗ್ತದೆ. ಅಷ್ಟು ಒಳ್ಳೆ ಕೆಲಸ ರೋಬೋಟಿನ ಹೆಸರಲ್ಲಿ ಮುಚ್ಚಿಹೋಗ್ಬಾರದು. ದಯಮಾಡಿ ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡ್ಬೇಡಿ, ನಿಮ್ಮ ಗ್ರೂಪಿಗೆ ಬಂದಿದ್ರೆ ಅದರ ಕೆಳಗೆ ಇದನ್ನು ಹಾಕಿ.