ದೀಪ ನೋಡಲು ಘಾಟಿ ಇಳಿದವರು

ನಮ್ಮೂರ ಬಸ್ ಸ್ಟ್ಯಾಂಡ್ ಸರ್ಕಲ್ಲಿನ ಹೈಮಾಸ್ಟ್ ದೀಪ ಕೆಟ್ಟು ಒಂದು ಮಳೆಗಾಲ ಕಳೆಯಿತು. ಮಲೆನಾಡಿನಲ್ಲಿ ದೀಪ ಕೆಡುವುದು ಸುದ್ದಿಯೇನಲ್ಲ. ಗುಡುಗು ಕೇಳುವ ಮೊದಲೇ ಕರೆಂಟ್ ಹೋಗುವ ಊರು ಇದು. ಸುದ್ದಿ ಏನೆಂದರೆ, ಅದನ್ನು ರಿಪೇರಿ ಮಾಡುವ ಮೊದಲು 'ದೀಪ ನಿರ್ವಹಣೆ ಕುರಿತ ಅಧ್ಯಯನ ಪ್ರವಾಸ' ಆಗಲೇಬೇಕು ಎಂದು ನಮ್ಮ ಪಂಚಾಯಿತಿ ಸದಸ್ಯರು ನಿರ್ಣಯ ಮಾಡಿದರು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಅವತ್ತು ಒಟ್ಟಿಗೆ ಕೈ ಎತ್ತಿದರು. ಹೋಗುವುದು ಎಲ್ಲಿಗೆ? ಉಡುಪಿ ಹತ್ತಿರದ ಕಾಪು ಲೈಟ್‌ಹೌಸಿಗೆ.

ಆಯ್ಕೆಯಲ್ಲಿ ತಪ್ಪಿಲ್ಲ ಬಿಡಿ. ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿದದ್ದು 1902ರಲ್ಲಿ. ಅಂದರೆ ಕರೆಂಟ್ ಇಲ್ಲದ ಕಾಲದಲ್ಲೇ ಅಲ್ಲಿ ಬೆಳಕಿತ್ತು. ನಾವೋ, 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿಸಿಕೊಂಡು, ಊರೂರೇ ಮುಳುಗಿಸಿಕೊಂಡು, ರಾಜ್ಯಕ್ಕೆಲ್ಲ ಬೆಳಕು ಕೊಟ್ಟವರು. ಕೊಟ್ಟಿದ್ದೇ ಜಾಸ್ತಿಯಾಯ್ತೋ ಏನೋ, ಮನೆಗೆ ಉಳಿಯಲಿಲ್ಲ.

ಪ್ರವಾಸ ಶುರುವಾದದ್ದು ಆಗುಂಬೆಯಿಂದ. ಸೂರ್ಯಾಸ್ತ ನೋಡುವ ಜಾಗದಲ್ಲಿ ಬೆಳಗ್ಗೆ ಹತ್ತು ಗಂಟೆಗೆ ವ್ಯಾನ್ ನಿಂತಿತು. ಆಕಾಶ ಚೆನ್ನಾಗಿದ್ದರೆ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಅವತ್ತು ಪಕ್ಕದಲ್ಲಿದ್ದ ಸದಸ್ಯರೇ ಕಾಣುತ್ತಿರಲಿಲ್ಲ, ಅಷ್ಟು ಮಂಜು. ಆದರೂ ಗ್ರೂಪ್ ಫೋಟೊ ಆಯಿತು. 'ಕರಾವಳಿಯ ಪ್ರಾಥಮಿಕ ವೀಕ್ಷಣೆ' ಎಂದು ವರದಿಯಲ್ಲಿ ಅಚ್ಚೂ ಆಯಿತು. ಫೋಟೊ ಪೂರ್ತಿ ಬಿಳಿ. ಆಮೇಲೆ ಘಾಟಿಯ 14 ಹೇರ್‌ಪಿನ್ ತಿರುವು. ಅಲ್ಲಿ ಏನಾಯಿತು ಎಂದು ವರದಿಯಲ್ಲಿಲ್ಲ. ವ್ಯಾನ್ ತೊಳೆದ ಬಿಲ್ಲಿದೆ.

ಕಾಪು ತಲುಪಿದಾಗ ಮಧ್ಯಾಹ್ನ. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಅಧ್ಯಯನದ ಮೊದಲ ಭಾಗ ಮೀನೂಟದ ಹೋಟೆಲಿನಲ್ಲೇ ನಡೆಯಿತು. ಅಂಜಲ್ ಫ್ರೈ ಆಳವಾಗಿ ಅಧ್ಯಯನಕ್ಕೆ ಒಳಗಾಯಿತು.

ಸಂಜೆ ಹತ್ತಿದರು. ಸಮುದ್ರದಂಚಿನ ಬಂಡೆ, ಅದರ ಮೇಲೆ ಕಪ್ಪು ಬಿಳುಪು ಪಟ್ಟೆಯ ಸುಮಾರು 27 ಮೀಟರ್ ಎತ್ತರದ ಗೋಪುರ, ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು. ಅಧ್ಯಕ್ಷರು ಅರ್ಧದಲ್ಲೇ ಗೋಡೆ ಹಿಡಿದು ನಿಂತು, "ನೀವು ಹೋಗ್ರಪ್ಪ, ನಾನು ಇಲ್ಲಿಂದಲೇ ಉಸ್ತುವಾರಿ ನೋಡ್ತೀನಿ" ಅಂದರಂತೆ. ಮೇಲೆ ಹೋದವರು ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡರು. ಒಬ್ಬರಂತೂ ಅಲ್ಲಿಂದಲೇ ಲೈವ್ ಹೋಗಿ ಊರಿನವರಿಗೆ ಕೈ ಬೀಸಿದರು. ಊರಲ್ಲಿ ಆಗ ಕರೆಂಟ್ ಇರಲಿಲ್ಲ.

ಕತ್ತಲಾಗುವ ಮೊದಲೇ ಎಲ್ಲರೂ ಇಳಿದು, ರಾತ್ರಿ ಘಾಟಿಯಲ್ಲಿ ಮಂಜು ಜಾಸ್ತಿ ಎಂದು ವ್ಯಾನ್ ಹತ್ತಿದರು. ದೀಪ ಹೊತ್ತಿದ್ದನ್ನು ಯಾರೂ ನೋಡಲಿಲ್ಲ.

ವರದಿ ಮಾತ್ರ ಬಂತು ನೋಡಿ, ಬಣ್ಣದ ಪುಟಗಳಲ್ಲಿ. "ಸ್ಥಳ ಪರಿಶೀಲಿಸಲಾಗಿ, ಸದರಿ ದೀಪಸ್ತಂಭವು ಸಮುದ್ರದ ಪಕ್ಕದಲ್ಲಿ ಇರುವುದು ಕಂಡುಬಂದಿರುತ್ತದೆ. ನಮ್ಮ ವ್ಯಾಪ್ತಿಯಲ್ಲಿ ಬಂಡೆ ಲಭ್ಯವಿದ್ದು, ಸಮುದ್ರ ಲಭ್ಯವಿರುವುದಿಲ್ಲ." ಹಾಗಾಗಿ ಊರ ಕೆರೆಯನ್ನೇ ಅಭಿವೃದ್ಧಿ ಮಾಡಬೇಕಂತೆ.

ಇನ್ನೊಂದು ಶಿಫಾರಸು ಇನ್ನೂ ಚೆಂದ. ಒಂದೊಂದು ಲೈಟ್‌ಹೌಸ್ ಮಿನುಗುವ ಲೆಕ್ಕ ಒಂದೊಂದು ತರ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಹೊಳೆಯಿತು ಎಂದು ನೋಡಿಯೇ ಹಡಗಿನವರು ಇದು ಯಾವ ಊರ ದೀಪ ಎಂದು ಹೇಳುತ್ತಾರೆ. ಇದನ್ನು ಯಾರೋ ನಮ್ಮವರ ಕಿವಿಗೆ ಹಾಕಿದ್ದಾರೆ. ಸರಿ, ಊರ ಬೀದಿ ದೀಪಗಳೂ ಮಿಣುಕುತ್ತವಲ್ಲ! ಮಾರಿಗುಡಿ ಎದುರಿನದು ಎರಡು ಸಲ ಮಿಣುಕಿ ಸುಮ್ನಾಗುತ್ತದೆ. ಸೊಸೈಟಿ ಎದುರಿನದು ಕಂಬಕ್ಕೆ ಕಲ್ಲು ಹೊಡೆದರೆ ಹತ್ತುತ್ತದೆ. ಆಸ್ಪತ್ರೆ ರಸ್ತೆಯದು ಹಗಲು ಮಾತ್ರ ಉರಿಯುತ್ತದೆ. ಇವನ್ನು ರಿಪೇರಿ ಮಾಡಿದರೆ ಎಲ್ಲವೂ ಒಂದೇ ತರ ಉರಿದು ಜನರಿಗೆ ದಾರಿ ತಪ್ಪುವ ಸಂಭವವಿದೆ. ಆದ್ದರಿಂದ ಮಿಣುಕುವಿಕೆಯ ಪಟ್ಟಿ ಮಾಡಿ ಮನೆಮನೆಗೆ ಹಂಚಬೇಕು, ದೀಪಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡಬೇಕು. ಕಾಪಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಕೆರೆ ದಂಡೆಯಲ್ಲಿ ಲೈಟ್‌ಹೌಸ್ ಮಾದರಿ ಗೋಪುರಕ್ಕೆ ಈಗ ಟೆಂಡರ್ ಆಗಿದೆ. ಕಪ್ಪು ಬಿಳುಪು ಪಟ್ಟೆ, ಸೆಲ್ಫಿ ಪಾಯಿಂಟ್, ಕೆಳಗೆ ಗೋಬಿ ಮಂಚೂರಿ ಅಂಗಡಿಗೆ ಜಾಗ, ಎಲ್ಲ ನಕ್ಷೆಯಲ್ಲಿದೆ. ಕಲ್ಲಿನಲ್ಲಿ ಯಾರ ಹೆಸರು ಮೇಲೆ ಬರಬೇಕು ಎಂಬ ಜಗಳ ಮಾತ್ರ ಬಾಕಿ. ಮೊನ್ನೆಯ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, "ಅಲ್ಲ ಮಾರಾಯ್ರೆ, ತುದಿಯಲ್ಲಿ ದೀಪ ಎಲ್ಲಿ?" ಎಂದು ಕೇಳಿದರು.

"ಅದು ಎರಡನೇ ಹಂತದಲ್ಲಿ" ಎಂದರು ಅಧ್ಯಕ್ಷರು, ಮೊಬೈಲ್ ಟಾರ್ಚ್ ಹಿಡಿದು ಮುಂದಿನ ವಿಷಯ ಓದುತ್ತಾ.