ದುಡ್ಡು ಕೊಟ್ಟು ಹಾಕಿಸಿದ ಲೇಖನದಿಂದ ಗೂಗಲ್ ರ‍್ಯಾಂಕ್ ಬರುತ್ತಾ?

ಹೋದ ವಾರ ಸಾಗರದಿಂದ ದೊಡ್ಡಮ್ಮನ ಮಗಳು ಫೋನ್ ಮಾಡಿದ್ದಳು. ಅಕ್ಕ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಊರೂರಿಗೆ ಕಳಿಸುತ್ತಾಳೆ. ಒಂದು ಏಜೆನ್ಸಿಯವರು 18 ಸಾವಿರ ತಗೊಂಡು ಆರು ವೆಬ್‌ಸೈಟ್‌ಗಳಲ್ಲಿ ಅವಳ ಬಗ್ಗೆ ಲೇಖನ ಹಾಕಿಸಿದ್ದರಂತೆ. ಗೂಗಲ್‌ನಲ್ಲಿ ಮೊದಲ ಪೇಜಿಗೆ ಬರ್ತೀರಿ ಅಂತ ಮಾತು ಬೇರೆ ಕೊಟ್ಟಿದ್ದರು. "ನಾಲ್ಕು ತಿಂಗಳಾಯ್ತು ತಮ್ಮ, ಎಲ್ಲೂ ಕಾಣ್ತಾನೇ ಇಲ್ವಲ್ಲೋ" ಅಂದಳು.

ಆರೂ ಪೇಜ್ ತೆರೆದು ನೋಡಿದೆ. ಅಕ್ಕನ ಉಪ್ಪಿನಕಾಯಿ ಲೇಖನದ ಮೇಲೆ ಮೊಬೈಲ್ ಸಾಲ, ಕೆಳಗೆ ತೂಕ ಇಳಿಸೋ ಮಾತ್ರೆ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್ ಜೊತೆ ಯು ಒತ್ತಿದರೆ ಪೇಜಿನ ಕೋಡ್ ಕಾಣುತ್ತೆ. ಬೇರೆ ಸೈಟ್‌ಗಳು ನಮ್ಮ ಪೇಜಿಗೆ ಕೊಡೋ ಲಿಂಕ್‌ಗಳನ್ನೂ ನೋಡಿ ಗೂಗಲ್ ರ‍್ಯಾಂಕ್, ಅಂದರೆ ಹುಡುಕಿದಾಗ ಎಷ್ಟು ಮೇಲೆ ಕಾಣಬೇಕು ಅನ್ನೋದನ್ನು, ತೀರ್ಮಾನಿಸುತ್ತೆ. ನಾಲ್ಕು ಕಡೆ ಅವಳ ಅಂಗಡಿ ಪೇಜಿಗೆ ಹೋಗೋ ಲಿಂಕ್ ಪಕ್ಕದಲ್ಲೇ 'ಸ್ಪಾನ್ಸರ್ಡ್' ಅನ್ನೋ ಟ್ಯಾಗ್ ಇತ್ತು. ಓದೋರಿಗೆ ಅದು ಕಾಣಲ್ಲ, ಗೂಗಲ್‌ಗೆ ಕಾಣುತ್ತೆ. ಇದು ದುಡ್ಡಿನ ಲಿಂಕ್ ಅಂತ ಹೇಳೋದಕ್ಕೇ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಈ ಟ್ಯಾಗ್ ತಂದಿದ್ದು. ಅದಕ್ಕೂ ಮೊದಲು, 2005ರಿಂದ, 'ನೋಫಾಲೋ' ಅನ್ನೋ ಟ್ಯಾಗ್ ಇತ್ತು. ಇಂಥ ಟ್ಯಾಗ್ ಇರೋ ಲಿಂಕನ್ನು ರ‍್ಯಾಂಕ್‌ಗೆ ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳಲ್ಲ.

ಉಳಿದ ಎರಡರಲ್ಲಿ ಟ್ಯಾಗೇ ಇಲ್ಲ. ನನಗೆ ಜಾಸ್ತಿ ಭಯ ಆಗಿದ್ದು ಅದನ್ನು ನೋಡಿ. ರ‍್ಯಾಂಕ್‌ಗೋಸ್ಕರ ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ. 2013ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ ತನ್ನ ಸ್ವಂತ ಹೆಸರು ಹುಡುಕಿದರೂ ಸಿಗದ ಹಾಗಾಗಿತ್ತು. ಅಲ್ಲಿನ ಊರೂರಿನ ಪತ್ರಿಕೆಗಳ ವೆಬ್‌ಸೈಟ್‌ಗಳಲ್ಲಿ ಅದರ ಜಾಹೀರಾತು ಲೇಖನಗಳು ರಾಶಿರಾಶಿ ಬಂದಿದ್ದವು. 11 ದಿನ ಬಿಟ್ಟು ವಾಪಸ್ ಬಂತು. ಅದಕ್ಕೂ ಒಂದು ವರ್ಷ ಮೊದಲು, ಹಣ ಕೊಟ್ಟು ಬರೆಸಿದ ಪೋಸ್ಟ್‌ಗಳ ಕಾರಣಕ್ಕೆ ಗೂಗಲ್ ತನ್ನದೇ ಕ್ರೋಮ್ ಪೇಜನ್ನು 60 ದಿನ ಕೆಳಗಿಳಿಸಿತ್ತು. ತನ್ನ ಮನೆಯದನ್ನೇ ಬಿಡದವರು ಅಕ್ಕನ ಅಂಗಡಿಯನ್ನು ಬಿಡ್ತಾರಾ?

ಈಗ ಶಿಕ್ಷೆಗಿಂತ ಜಾಸ್ತಿ ಆಗೋದು ಇನ್ನೊಂದು. 2022ರ ಡಿಸೆಂಬರ್‌ನಿಂದ ಗೂಗಲ್‌ನ ಸ್ಪ್ಯಾಮ್‌ಬ್ರೇನ್ ಅನ್ನೋ ವ್ಯವಸ್ಥೆ ಕೊಂಡ ಲಿಂಕ್‌ಗಳನ್ನು ಹುಡುಕಿ ಸುಮ್ನೆ ನಿಷ್ಪ್ರಯೋಜಕ ಮಾಡಿಬಿಡುತ್ತೆ. ನಿಮಗೆ ಗೊತ್ತೂ ಆಗಲ್ಲ. ದುಡ್ಡು ಹೋಗಿರುತ್ತೆ, ಅಷ್ಟೇ.

ಜಾಹೀರಾತು ಲೇಖನವೇ ತಪ್ಪು ಅಂತ ನಾನು ಹೇಳಲ್ಲ. ಉಪ್ಪಿನಕಾಯಿ ಇಷ್ಟಪಡೋರು ನಿಜವಾಗಿ ಓದೋ ಜಾಗದಲ್ಲಿ, ಜಾಹೀರಾತು ಅಂತ ಮೇಲೆ ಬರೆದೇ ಹಾಕಿಸಿ. ನಾಲ್ಕು ಜನ ಓದಿ ಆರ್ಡರ್ ಮಾಡಿದರೆ ಕೊಟ್ಟ ದುಡ್ಡಿಗೆ ಬೆಲೆ ಬಂತು. ಆದರೆ ಅದನ್ನು ರ‍್ಯಾಂಕ್ ಅಂತ ಮಾರೋದು ಮೋಸ. 18 ಸಾವಿರ ಅಂದರೆ ಅಕ್ಕನಿಗೆ 60 ಬಾಟಲಿ ಉಪ್ಪಿನಕಾಯಿ. ಅಷ್ಟು ಮಿಡಿ ತೊಳೆದು, ಉಪ್ಪಿಗೆ ಹಾಕಿ, ಖಾರ ಅರೆದು ಕಲಸಿದ ಕೈ ಅದು. ನನಗೆ ಹೊಟ್ಟೆ ಉರಿಯುತ್ತೆ.

ಆ ಎರಡು ಲಿಂಕ್‌ಗೂ ಟ್ಯಾಗ್ ಹಾಕಿ ಅಂತ ಮೇಲ್ ಕಳಿಸಿದ್ದೇವೆ. ನಿಮ್ಮ ಹತ್ತಿರವೂ ಯಾರಾದರೂ ಇಂಥ ಪ್ಯಾಕೇಜ್ ತಂದರೆ, ಲಿಂಕ್‌ಗೆ ಯಾವ ಟ್ಯಾಗ್ ಹಾಕ್ತೀರಿ ಅಂತ ಮೊದಲು ಕೇಳಿ. ಹಾಕಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಹಾಕ್ತೀವಿ ಅಂದರೆ, ಹಾಗಾದರೆ ರ‍್ಯಾಂಕ್ ಹೇಗೆ ಬರುತ್ತೆ ಅಂತ ಕೇಳಿ.