ತಟಸ್ಥ ದೇಶದ ಉದ್ರಿ ಖಾತೆ

ಯುದ್ಧ ಮಾಡಲೇಬೇಕೆಂದು ಹಟ ಹಿಡಿದ ದೇಶ ಯುದ್ಧಕ್ಕೆ ಇಳಿಯುವುದರಲ್ಲಿ ಜಾಣ್ಮೆಯೇನೂ ಇಲ್ಲ. ಒಂದು ಸೈನ್ಯ ಮತ್ತು ಒಬ್ಬ ಮುಂಗೋಪಿ ದೊರೆ ಇದ್ದರೆ ಸಾಕು. ಯುದ್ಧವೇ ಬೇಡವೆಂದು ಲೋಕದೆದುರು ಪ್ರತಿಜ್ಞೆ ಮಾಡಿದ ದೇಶವನ್ನು, ಆ ಪ್ರತಿಜ್ಞೆಗೆ ಎಲ್ಲಿಯೂ ಭಂಗ ಬಂದಂತೆ ಕಾಣದ ಹಾಗೆ ನಡೆಸಿಕೊಂಡು ಬಂದು, ಸಾಗರದಾಚೆಯ ಕಂದಕಗಳ ಕೆಸರಿನಲ್ಲಿ ನಿಲ್ಲಿಸುವುದಿದೆಯಲ್ಲ, ಅದು ಕಲೆ. ಈ ಕಲೆಯಲ್ಲಿ ಮೊದಲ ಮಹಾಯುದ್ಧದ ಕಾಲದ, 1914ರಿಂದ 1917ರವರೆಗಿನ ಅಮೆರಿಕವನ್ನು ಮೀರಿಸಿದವರು ನನ್ನ ಓದಿನ ಮಿತಿಯಲ್ಲಂತೂ ಯಾರೂ ಇಲ್ಲ.

ಅಧ್ಯಕ್ಷ ವುಡ್ರೋ ವಿಲ್ಸನ್ 1914ರ ಆಗಸ್ಟ್ 4ರಂದು ತಾಟಸ್ಥ್ಯವನ್ನು ಘೋಷಿಸಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ಆಳಿ ಬಂದ ಮೇಷ್ಟ್ರಾದ್ದರಿಂದ ಬರೀ ಘೋಷಣೆ ಅವರಿಗೆ ಸಾಲಲಿಲ್ಲ. ಎರಡು ವಾರ ಕಳೆದು, ಪ್ರಜೆಗಳು ನಡೆಯಲ್ಲಿ ಮಾತ್ರವಲ್ಲ, ಯೋಚನೆಯಲ್ಲಿಯೂ ನಿಷ್ಪಕ್ಷಪಾತಿಗಳಾಗಿರಬೇಕೆಂದು ಸೆನೆಟ್‌ಗೆ ಸಂದೇಶ ಕಳುಹಿಸಿದರು. ಹತ್ತು ಕೋಟಿ ಜನರಿಗೆ ಏಕಕಾಲದಲ್ಲಿ ಸ್ಥಿತಪ್ರಜ್ಞರಾಗುವಂತೆ ಅಪ್ಪಣೆ ಕೊಡಿಸಿದ ಸರ್ಕಾರ ಮತ್ತೊಂದಿರಲಾರದು. ಇತ್ತ ನಮ್ಮವರಿಗೆ ಯೋಚನೆ ಮಾಡುವ ಈ ತೊಂದರೆಯನ್ನೇ ಯಾರೂ ಕೊಡಲಿಲ್ಲ. ಭಾರತದ ಪರವಾಗಿ ವೈಸರಾಯರು ತೀರ್ಮಾನಿಸಿಯಾಗಿತ್ತು, ಮೈಸೂರು ಲ್ಯಾನ್ಸರ್ಸ್ ಕುದುರೆಗಳ ಸಮೇತ ಹಡಗು ಹತ್ತಿ ಸೂಯೆಜ್ ಕಾಲುವೆ ಕಾಯಲು ಹೊರಟಾಗಿತ್ತು. ತಟಸ್ಥರಾಗಿರುವುದು ಸ್ವತಂತ್ರರಿಗೆ ಮಾತ್ರ ದಕ್ಕುವ ಸೌಭಾಗ್ಯ. ಆ ಸೌಭಾಗ್ಯವನ್ನು ಅಮೆರಿಕ ಹೇಗೆ ಬಳಸಿಕೊಂಡಿತೆಂಬುದು ನೋಡತಕ್ಕದ್ದು.

ವಿಲ್ಸನ್ನರ ಸಂಪುಟದಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಎಂಬ ವಿದೇಶಾಂಗ ಕಾರ್ಯದರ್ಶಿಯಿದ್ದರು. ತಾಟಸ್ಥ್ಯವೆಂದರೆ ತಾಟಸ್ಥ್ಯ ಎಂದೇ ನಂಬಿದ್ದ ಈ ಮನುಷ್ಯ, ನಿಷಿದ್ಧ ಸರಕುಗಳಲ್ಲೆಲ್ಲ ಅತಿ ಕೆಟ್ಟದ್ದು ಹಣ, ಏಕೆಂದರೆ ಉಳಿದ ಸರಕೆಲ್ಲ ಅದರ ಹಿಂದೆ ಬರುತ್ತದೆ ಎಂದು ಆಗಸ್ಟ್‌ನಲ್ಲಿಯೇ ಹೇಳಿ, ಯುದ್ಧನಿರತ ದೇಶಗಳಿಗೆ ಸಾಲ ಕೊಡುವುದು ನಿಜವಾದ ತಾಟಸ್ಥ್ಯಕ್ಕೆ ಒಪ್ಪುವುದಿಲ್ಲವೆಂದು ಬ್ಯಾಂಕುಗಳ ಬಾಯಿ ಮುಚ್ಚಿಸಿದರು. ಅಕ್ಟೋಬರ್ 4ರ ಭಾನುವಾರ ಅಧ್ಯಕ್ಷರ ಕರೆಯಂತೆ ದೇಶವೆಲ್ಲ ಇಗರ್ಜಿಗಳಲ್ಲಿ ಮಂಡಿಯೂರಿ ಯುರೋಪಿನ ಶಾಂತಿಗಾಗಿ ಪ್ರಾರ್ಥಿಸಿತು. ಅದೇ ತಿಂಗಳ 23ರಂದು, ಇಲಾಖೆಯ ಕಾನೂನು ಸಲಹೆಗಾರ ರಾಬರ್ಟ್ ಲ್ಯಾನ್ಸಿಂಗ್ ಅಧ್ಯಕ್ಷರನ್ನು ಕಂಡು ಒಂದು ಸೂಕ್ಷ್ಮವನ್ನು ಮನದಟ್ಟು ಮಾಡಿಸಿದರು: ಸಾಲ ಬೇರೆ, ಉದ್ರಿ ಬೇರೆ. ಸಾರ್ವಜನಿಕರಿಂದ ಎತ್ತಿ ಕೊಟ್ಟರೆ ಅದು ಸಾಲ, ಅಧರ್ಮ. ಸರಕು ಒಯ್ದವರು ಆಮೇಲೆ ಕೊಡುತ್ತೇನೆಂದು ಪುಸ್ತಕದಲ್ಲಿ ಬರೆಸಿ ಹೋದರೆ ಅದು ವ್ಯಾಪಾರದ ಅನುಕೂಲ. ಅಧ್ಯಕ್ಷರಿಗೆ ಇದು ಸರಿಯೆನಿಸಿತು. ಶೆಟ್ಟರ ಅಂಗಡಿಯಲ್ಲಿ ಈ ತರ್ಕ ಹೇಳಿದ್ದರೆ ತಕ್ಕಡಿ ತಲೆಯ ಮೇಲೆ ಬೀಳುತ್ತಿತ್ತು.

ಉದ್ರಿ ಪುಸ್ತಕ ತೆರೆದ ಮೇಲೆ ಗುಮಾಸ್ತನೊಬ್ಬ ಬೇಕಲ್ಲ. 1915ರ ಜನವರಿಯಲ್ಲಿ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಸಂಸ್ಥೆ ಬ್ರಿಟನ್ನಿನ ಖರೀದಿ ಏಜೆಂಟಾಯಿತು, ಕೆಲವೇ ತಿಂಗಳಲ್ಲಿ ಫ್ರಾನ್ಸ್‌ಗೂ ಅದೇ ಏಜೆಂಟ್. ಅಮೆರಿಕ ಯುದ್ಧಕ್ಕೆ ಸೇರುವ ಹೊತ್ತಿಗೆ ಅದರ ಕೈಮೂಲಕ ಸಾಗಿದ ಸರಕು ಸುಮಾರು 300 ಕೋಟಿ ಡಾಲರ್‌ನದು, ಶೇಕಡಾ 1ರ ಲೆಕ್ಕದಲ್ಲಿ ಕೈಗೆ ಹತ್ತಿದ ಕಮಿಷನ್ ಸುಮಾರು 3 ಕೋಟಿ. ಇದರಲ್ಲಿ ಪಕ್ಷಪಾತವೇನೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಜರ್ಮನಿಗೂ ಅಂಗಡಿ ಬಾಗಿಲು ತೆರೆದೇ ಇತ್ತು. ಹಡಗು ತಂದು ಸರಕು ಒಯ್ಯಬಹುದಿತ್ತು. ಆ ಹಡಗನ್ನು ಬ್ರಿಟಿಷ್ ನೌಕಾಪಡೆ ನಡುದಾರಿಯಲ್ಲಿ ಹಿಡಿಯುತ್ತಿತ್ತೆಂಬುದು ಗಿರಾಕಿಯ ಖಾಸಗಿ ತೊಂದರೆ, ಅಂಗಡಿಯವನು ಅದಕ್ಕೆ ಹೊಣೆಯಲ್ಲ.

ಬೆತ್ಲೆಹೆಮ್ ಸ್ಟೀಲ್‌ನ ಚಾರ್ಲ್ಸ್ ಶ್ವಾಬ್ ಬ್ರಿಟನ್ನಿಗೆ ಜಲಾಂತರ್ಗಾಮಿಗಳನ್ನು ಕಟ್ಟಿಕೊಡಲು ಒಪ್ಪಿದ್ದರು. ಇಡೀ ಜಲಾಂತರ್ಗಾಮಿಯನ್ನು ಮಾರುವುದು ತಾಟಸ್ಥ್ಯದ ಉಲ್ಲಂಘನೆಯೆಂದು ಬ್ರಯನ್ ಅಡ್ಡ ಬಂದಾಗ, ಭಾಗಗಳನ್ನು ಬಿಡಿಬಿಡಿಯಾಗಿ ಗಡಿಯಾಚೆಯ ಕೆನಡಾಕ್ಕೆ ಸಾಗಿಸಿ, ಮಾಂಟ್ರಿಯಲ್‌ನ ಕಾರ್ಖಾನೆಯಲ್ಲಿ ಜೋಡಿಸಿ, ಹತ್ತು ಜಲಾಂತರ್ಗಾಮಿಗಳನ್ನು ನೀರಿಗಿಳಿಸಲಾಯಿತು. ಬೋಲ್ಟು ತಟಸ್ಥ, ನಟ್ಟು ತಟಸ್ಥ, ತಗಡು ತಟಸ್ಥ. ಇವೆಲ್ಲ ಕೂಡಿಕೊಂಡು ಟಾರ್ಪಿಡೊ ಹಾರಿಸಿದರೆ ಅದು ಕೆನಡಾದ ಹವೆಯ ದೋಷ.

ಬ್ರಿಟನ್ ಕೂಡ ತಟಸ್ಥರ ಹಕ್ಕನ್ನು ತುಳಿಯುತ್ತಲೇ ಇತ್ತು. 1914ರ ನವೆಂಬರ್‌ನಲ್ಲಿ ಇಡೀ ಉತ್ತರ ಸಮುದ್ರವನ್ನು ಯುದ್ಧವಲಯವೆಂದು ಸಾರಿತು, ಆಹಾರವನ್ನೂ ನಿಷಿದ್ಧ ಸರಕೆಂದಿತು, 1915ರ ಫೆಬ್ರವರಿಯಲ್ಲಿ ತನ್ನ ಲುಸಿಟಾನಿಯಾ ಎಂಬ ಪ್ರಯಾಣಿಕ ಹಡಗಿಗೆ ಅಮೆರಿಕದ ಬಾವುಟವನ್ನೇ ಹಾರಿಸಿತು. ವಾಷಿಂಗ್ಟನ್ ಇದನ್ನೆಲ್ಲ ಪ್ರತಿಭಟಿಸಿತು. ಪ್ರತಿಭಟನೆಯ ಬಿಸಿ ಎಷ್ಟಿತ್ತೆಂಬುದಕ್ಕೆ ಬ್ರಿಟಿಷ್ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿರುವ ಪ್ರಸಂಗವೇ ಸಾಕು. ಲಂಡನ್ನಿನ ಅಮೆರಿಕನ್ ರಾಯಭಾರಿ ವಾಲ್ಟರ್ ಹೈನ್ಸ್ ಪೇಜ್ ಒಂದು ದಿನ ಬಂದು ತಮ್ಮ ಸರ್ಕಾರದ ಖಾರವಾದ ಪತ್ರವನ್ನು ಓದಿ ಮುಗಿಸಿ, ಓದುವುದನ್ನು ಓದಿದ್ದಾಯಿತು, ಇದಕ್ಕೆ ನನ್ನ ಒಪ್ಪಿಗೆಯಿಲ್ಲ, ಈಗ ಉತ್ತರ ಹೇಗೆ ಕೊಡಬೇಕೆಂದು ಇಬ್ಬರೂ ಯೋಚಿಸೋಣ ಎಂದರಂತೆ. ಫಿರ್ಯಾದಿಯ ವಕೀಲನೇ ಪ್ರತಿವಾದಿಯ ಜವಾಬು ಬರೆದುಕೊಡುವ ಇಂಥ ನ್ಯಾಯಾಲಯದಲ್ಲಿ ತೀರ್ಪಿಗೆ ಕಾಯುವ ಅಗತ್ಯವೇ ಇರುವುದಿಲ್ಲ.

ಬ್ರಿಟನ್ ಸರಕು ಹಿಡಿಯುತ್ತಿತ್ತು, ಜರ್ಮನಿ ಮನುಷ್ಯರನ್ನು ಮುಳುಗಿಸುತ್ತಿತ್ತು. ಈ ವ್ಯತ್ಯಾಸ ದೊಡ್ಡದೇ, ಅದನ್ನು ನಗೆಯಾಡಿ ತಳ್ಳಿಹಾಕಲಾಗದು. 1915ರ ಮೇ 7ರಂದು ಐರ್ಲೆಂಡಿನ ಕರಾವಳಿಯಲ್ಲಿ ಒಂದೇ ಟಾರ್ಪಿಡೊ ತಗುಲಿದ ಲುಸಿಟಾನಿಯಾ 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು, ಅವರಲ್ಲಿ 128 ಮಂದಿ ಅಮೆರಿಕನ್ನರು. ಮಕ್ಕಳ ತೊಟ್ಟಿಲುಗಳ ಕೆಳಗಿನ ಉಗ್ರಾಣದಲ್ಲಿ ರೈಫಲ್ ತೋಟೆಗಳ ಸುಮಾರು 4,200 ಪೆಟ್ಟಿಗೆಗಳಿದ್ದವು. ಮದ್ದುಗುಂಡು ಸಾಗಿಸುವ ಹಡಗು ತನ್ನ ರಕ್ಷಣೆಗೆ ಪ್ರಯಾಣಿಕರನ್ನು ನೆಚ್ಚಬಾರದು, ಅದು ಸೈನ್ಯದ ಮುಂದೆ ಹೆಂಗಸರು ಮಕ್ಕಳನ್ನು ನಿಲ್ಲಿಸಿದಂತೆ ಎಂದು ಬ್ರಯನ್ ಅಂದರು. ಇಷ್ಟು ಸರಳವಾದ ಮಾತನ್ನಾಡಿದವರು ಸಂಪುಟದಲ್ಲಿ ಬಹುಕಾಲ ಇರುವುದು ಕಷ್ಟ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರ ಕುರ್ಚಿಗೆ ಬಂದವರು ಉದ್ರಿ ಶಾಸ್ತ್ರದ ಲ್ಯಾನ್ಸಿಂಗ್. ಆ ಶರತ್ಕಾಲದಲ್ಲಿಯೇ ಸಾಲಕ್ಕೂ ಉದ್ರಿಗೂ ನಡುವೆ ಇದ್ದ ಪವಿತ್ರ ಗೆರೆ ಸದ್ದಿಲ್ಲದೆ ಅಳಿಸಿಹೋಗಿ, ಬ್ರಿಟನ್ ಮತ್ತು ಫ್ರಾನ್ಸ್‌ಗೆ 50 ಕೋಟಿ ಡಾಲರ್‌ನ ಸಾರ್ವಜನಿಕ ಸಾಲ ಎತ್ತಲಾಯಿತು. ಕೊಡದಿದ್ದರೆ ಅವರು ನಮ್ಮಲ್ಲಿ ಕೊಳ್ಳುವುದು ನಿಂತು ನಮ್ಮ ಕಾರ್ಖಾನೆಗಳು ಮುಚ್ಚುತ್ತವೆ ಎಂಬುದು ಲ್ಯಾನ್ಸಿಂಗ್ ವಾದ. ಗಿರಾಕಿಯ ಜೇಬಿಗೆ ನಾವೇ ದುಡ್ಡು ಹಾಕಿ, ಅದೇ ದುಡ್ಡಿಗೆ ಸರಕು ಮಾರಿ, ವ್ಯಾಪಾರ ಭರ್ಜರಿಯಾಗಿದೆಯೆಂದು ಹಿಗ್ಗುವ ಈ ಅರ್ಥಶಾಸ್ತ್ರಕ್ಕೆ ಸಮೃದ್ಧಿ ಎಂದು ಹೆಸರು.

ಯುದ್ಧನಿರತ ದೇಶಗಳ ಶಸ್ತ್ರಸಜ್ಜಿತ ಹಡಗುಗಳನ್ನು ಹತ್ತಬೇಡಿರೆಂದು ಪ್ರಜೆಗಳಿಗೆ ಎಚ್ಚರಿಕೆ ಕೊಡೋಣವೆಂದು 1916ರ ಆರಂಭದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಲವರು ಗೊತ್ತುವಳಿ ತಂದರು. ವಿಲ್ಸನ್ ಅದನ್ನು ಹಟ ಹಿಡಿದು ಮೂಲೆಗೆ ಹಾಕಿಸಿದರು. ರಾಷ್ಟ್ರದ ಗೌರವದ ಪ್ರಶ್ನೆಯಂತೆ. ಟಾರ್ಪಿಡೊ ಬರುವ ದಾರಿಯಲ್ಲಿ ವಿಹಾರ ಮಾಡುವ ಹಕ್ಕನ್ನು ಹೀಗೆ ಕಾಪಾಡಿಕೊಂಡ ಪಕ್ಷವೇ ಅದೇ ವರ್ಷದ ಚುನಾವಣೆಯಲ್ಲಿ, ನಮ್ಮನ್ನು ಯುದ್ಧದಿಂದ ದೂರವಿಟ್ಟ ಪುಣ್ಯಾತ್ಮ ಎಂಬ ಘೋಷಣೆಯೊಡನೆ ಮತ ಕೇಳಿ, ಕೂದಲೆಳೆಯಲ್ಲಿ ಗೆದ್ದಿತು.

ಇಷ್ಟೆಲ್ಲ ಸಿದ್ಧತೆ ನಡೆದಿದ್ದರೂ, ಜರ್ಮನಿಯ ಮನಃಪೂರ್ವಕ ಸಹಕಾರವಿಲ್ಲದಿದ್ದರೆ ಅಮೆರಿಕ ಕೊನೆಯ ಹೆಜ್ಜೆ ಇಡುತ್ತಿತ್ತೋ ಇಲ್ಲವೋ. ಎದುರಾಳಿಯ ಕೆಲಸವನ್ನು ತಾನೇ ಮುಗಿಸಿಕೊಡುವುದರಲ್ಲಿ ಬರ್ಲಿನ್ನಿನ ಶ್ರದ್ಧೆ ಅಸಾಧಾರಣವಾದದ್ದು. 1917ರ ಫೆಬ್ರವರಿ 1ರಿಂದ ಕಂಡ ಹಡಗನ್ನೆಲ್ಲ ಮುಳುಗಿಸುತ್ತೇವೆಂದು ಹಿಂದಿನ ದಿನ ತಿಳಿಸಿತು. ಜೊತೆಗೆ ಉದಾರ ಮನಸ್ಸಿನಿಂದ ಒಂದು ರಿಯಾಯಿತಿಯನ್ನೂ ಇತ್ತಿತು. ಅಮೆರಿಕದ ಪ್ರಯಾಣಿಕ ಹಡಗು ವಾರಕ್ಕೊಂದರಂತೆ ಇಂಗ್ಲೆಂಡಿನ ಫಾಲ್‌ಮತ್ ಬಂದರಿಗೆ ಹೋಗಬಹುದು. ಭಾನುವಾರ ತಲುಪಿ ಬುಧವಾರ ಹೊರಡಬೇಕು. ಹಡಗಿನ ಮೈಗೆ ಒಂದೊಂದು ಮೀಟರ್ ಅಗಲದ ಮೂರು ಪಟ್ಟೆಗಳನ್ನು ಮೇಲಿಂದ ಕೆಳಕ್ಕೆ ಬಿಳಿ, ಕೆಂಪು ಬಣ್ಣಗಳಲ್ಲಿ ಬಳಿದಿರಬೇಕು, ಕಂಬಕಂಬಕ್ಕೂ ಕೆಂಪು ಬಿಳಿ ಚೌಕಳಿ ಬಾವುಟ ಹಾರಿಸಿರಬೇಕು. ಒಂದು ಸಾರ್ವಭೌಮ ರಾಷ್ಟ್ರವನ್ನು ಬಸ್ಸಿನ ವೇಳಾಪಟ್ಟಿ ಕೊಟ್ಟು, ಸರ್ಕಸ್ಸಿನ ಬಣ್ಣ ಬಳಿದುಕೊಂಡು ಬಾ ಎಂದು ಕರೆದ ಮೇಲೆ, ತಾಟಸ್ಥ್ಯದ ಪರವಾಗಿ ವಾದಿಸುತ್ತಿದ್ದವರು ಯಾವ ಮುಖ ಹೊತ್ತು ಮಾತನಾಡಬೇಕು?

ಅದಕ್ಕೂ ಮೊದಲೇ, ಜನವರಿ 16ರಂದು, ಜರ್ಮನಿಯ ವಿದೇಶಾಂಗ ಸಚಿವ ಆರ್ತರ್ ಝಿಮ್ಮರ್‌ಮನ್ ಮೆಕ್ಸಿಕೊಗೆ ಒಂದು ಗುಪ್ತ ತಂತಿ ಕಳುಹಿಸಿದ್ದರು. ಅಮೆರಿಕ ಯುದ್ಧಕ್ಕೆ ಬಂದರೆ ನೀವು ನಮ್ಮ ಜೊತೆ ಸೇರಿ, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ನಿಮ್ಮವಾಗಲಿ ಎಂಬುದು ಅದರ ಸಾರ. ಈ ತಂತಿ ಹೋದ ದಾರಿ ಯಾವುದು? ಶಾಂತಿ ಮಾತುಕತೆಗೆ ನೆರವಾಗಲೆಂದು ವಿಲ್ಸನ್ ಜರ್ಮನ್ನರಿಗೆ ಬಳಸಲು ಬಿಟ್ಟಿದ್ದ ಅಮೆರಿಕದ್ದೇ ರಾಜತಾಂತ್ರಿಕ ಜಾಲ. ಅಮೆರಿಕದ ರಾಜ್ಯಗಳನ್ನು ಹಂಚಿಹಾಕುವ ಪತ್ರವನ್ನು ಅಮೆರಿಕದ ಅಧಿಕಾರಿಗಳೇ ಮರ್ಯಾದೆಯಿಂದ ರವಾನಿಸಿದರು. ತಾನು ತಟಸ್ಥ ಮಿತ್ರನ ತಂತಿಯನ್ನು ಕದ್ದು ಓದುವುದಿಲ್ಲವೆಂದು ನಟಿಸುತ್ತಿದ್ದ ಬ್ರಿಟನ್ ಅದನ್ನು ಕದ್ದು ಓದಿತು. ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಂದಾಗ, ಇದು ಬ್ರಿಟಿಷರ ಕಪಟವೆಂದುಕೊಂಡು ಎಷ್ಟೋ ಜನ ಅದನ್ನು ನಂಬಲಿಲ್ಲ. ಸುಮ್ಮನಿದ್ದಿದ್ದರೆ ಅನುಮಾನ ಉಳಿಯುತ್ತಿತ್ತು. ಎರಡು ದಿನದ ತರುವಾಯ ಬರ್ಲಿನ್ನಿನಲ್ಲಿ ವರದಿಗಾರನೊಬ್ಬ, ತಾವಿದನ್ನು ಅಲ್ಲಗಳೆಯುತ್ತೀರಷ್ಟೆ ಎಂದು ಉತ್ತರವನ್ನೂ ಬಾಯಿಗಿಟ್ಟು ಕೇಳಿದಾಗ, ಅಲ್ಲಗಳೆಯಲಾರೆ, ಅದು ನಿಜ ಎಂದರು ಝಿಮ್ಮರ್‌ಮನ್. ಆ ಇಡೀ ಯುದ್ಧದಲ್ಲಿ ಒಬ್ಬ ರಾಜತಾಂತ್ರಿಕ ನಿಜ ನುಡಿದ ಅಪರೂಪದ ಸಂದರ್ಭ. ಅದರ ಫಲವೂ ತಕ್ಷಣ ಸಿಕ್ಕಿತು.

ಈ ಗದ್ದಲದ ಹಿಂದೆ ಖಾತೆ ಪುಸ್ತಕ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಆ ಹೊತ್ತಿಗೆ ಅಮೆರಿಕನ್ನರು ಬ್ರಿಟನ್, ಫ್ರಾನ್ಸ್‌ಗಳಿದ್ದ ಮಿತ್ರಪಕ್ಷಕ್ಕೆ ಕೊಟ್ಟಿದ್ದ ಸಾಲ ಸುಮಾರು 230 ಕೋಟಿ ಡಾಲರ್, ಜರ್ಮನಿಗೆ ಕೊಟ್ಟದ್ದು ಸುಮಾರು 2.7 ಕೋಟಿ. ನಿಷ್ಪಕ್ಷಪಾತದ ತಕ್ಕಡಿ ಇಷ್ಟು ವಾಲಿರುವಾಗ ಬ್ರಿಟನ್ನಿನ ಬೊಕ್ಕಸ ತಳ ಕಾಣತೊಡಗಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ನಮ್ಮ ಮಾತು ರಾಯಭಾರಿ ಪೇಜ್‌ಗೆ ಗೊತ್ತಿರಲಿಕ್ಕಿಲ್ಲ, ಆದರೆ ವಿಷಯ ಚೆನ್ನಾಗಿ ಗೊತ್ತಿತ್ತು. ಮಾರ್ಚ್ 5ರಂದು, ವಿಲ್ಸನ್ನರ ಎರಡನೆಯ ಅವಧಿಯ ಪದಗ್ರಹಣ ಸಮಾರಂಭದ ದಿನವೇ, ನಮ್ಮ ಈಗಿನ ವ್ಯಾಪಾರದ ಮೇಲುಗೈ ಉಳಿದು ಆರ್ಥಿಕ ಭೀತಿ ತಪ್ಪಬೇಕಾದರೆ ಬಹುಶಃ ಯುದ್ಧಕ್ಕಿಳಿಯುವುದೊಂದೇ ದಾರಿ ಎಂದು ಪೇಜ್ ವಾಷಿಂಗ್ಟನ್ನಿಗೆ ತಂತಿ ಹೊಡೆದರು. ಯುದ್ಧಕ್ಕೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಟಾರ್ಪಿಡೊಗಳು ಸುಳ್ಳಲ್ಲ. ಆದರೆ ಏಪ್ರಿಲ್ 2ರಂದು ವಿಲ್ಸನ್ ಕಾಂಗ್ರೆಸ್ಸಿನೆದುರು ಮಾಡಿದ ಭವ್ಯ ಭಾಷಣದಲ್ಲಿ ಜಗತ್ತನ್ನು ಪ್ರಜಾಪ್ರಭುತ್ವಕ್ಕೆ ಸುರಕ್ಷಿತವಾಗಿಸುವ ಮಾತಿತ್ತು, ಖಾತೆ ಪುಸ್ತಕದ ಮಾತಿರಲಿಲ್ಲ. ಅದನ್ನು ಎತ್ತಿದವರು ಸೆನೆಟರ್ ಜಾರ್ಜ್ ನಾರಿಸ್: ರಾಷ್ಟ್ರಧ್ವಜದ ಮೇಲೆ ಡಾಲರ್ ಚಿಹ್ನೆ ಹಾಕಲು ಹೊರಟಿದ್ದೇವೆ ಎಂದರು. ಸೆನೆಟ್ 82ಕ್ಕೆ 6, ಕೆಳಮನೆ 373ಕ್ಕೆ 50 ಮತಗಳಿಂದ ಯುದ್ಧ ಸಾರಿತು.

ಮುಂದಿನದು ತಾಟಸ್ಥ್ಯ ಬಿಟ್ಟವರ ಹೊಸ ಭಕ್ತಿ. ಜಾರ್ಜ್ ಕ್ರೀಲ್ ಮುಂದಾಳತ್ವದ ಪ್ರಚಾರ ಸಮಿತಿ ಸುಮಾರು 75,000 ಭಾಷಣಕಾರರನ್ನು ಸಜ್ಜುಗೊಳಿಸಿತು. ಚಿತ್ರಮಂದಿರದಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದೊಳಗೆ ಇವರು ಎದ್ದುನಿಂತು ದೇಶಪ್ರೇಮ ಬೋಧಿಸುತ್ತಿದ್ದರು. ಯೋಚನೆಯಲ್ಲೂ ನಿಷ್ಪಕ್ಷಪಾತಿಯಾಗಿರೆಂದು ಹೇಳಿಸಿಕೊಂಡಿದ್ದ ಜನರೇ ಈಗ ಜರ್ಮನ್ ಭಾಷೆಯ ಪಾಠಗಳನ್ನು ಶಾಲೆಗಳಿಂದ ಎತ್ತಿಸಿದರು. ಎಲ್ಲಕ್ಕಿಂತ ಸೊಗಸಾದದ್ದು ಲಾಸ್ ಏಂಜಲೀಸ್‌ನ ಒಬ್ಬ ಚಿತ್ರ ನಿರ್ಮಾಪಕನ ಪಾಡು. 1776ರ ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಕುರಿತು ಅವನು ತೆಗೆದ ಚಿತ್ರದಲ್ಲಿ ಬ್ರಿಟಿಷ್ ಸೈನಿಕರು ಕ್ರೌರ್ಯ ಮೆರೆಯುವ ದೃಶ್ಯಗಳಿದ್ದವು. ಬ್ರಿಟನ್ ಈಗ ಮಿತ್ರನಾದ್ದರಿಂದ ಅವನಿಗೆ ಬೇಹುಗಾರಿಕೆ ಕಾಯಿದೆಯಡಿ 10 ವರ್ಷದ ಸೆರೆ ವಿಧಿಸಲಾಯಿತು. ಆಮೇಲೆ ದಯೆ ತೋರಿ 3 ವರ್ಷಕ್ಕೆ ಇಳಿಸಿದರು.

1,16,000ಕ್ಕೂ ಹೆಚ್ಚು ಅಮೆರಿಕನ್ ಯೋಧರು ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೋಗದಿಂದ. ಸರ್ಕಾರ ಆಮೇಲೆ ಕೊಟ್ಟ ಸಾಲವಾದರೂ ಬಂತೇ ಎಂದರೆ, 1934ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಸಾಲಗಾರ ದೇಶಗಳೂ ಕೈಯೆತ್ತಿದ್ದವು. ಕಂತು ತಪ್ಪಿಸದೆ ಕಟ್ಟುತ್ತಿದ್ದದ್ದು ಫಿನ್ಲೆಂಡ್. ಯುದ್ಧ ಶುರುವಾದಾಗ ಅದು ಒಂದು ಸ್ವತಂತ್ರ ದೇಶವೇ ಆಗಿರಲಿಲ್ಲ. ಆಗ ಕಾಂಗ್ರೆಸ್ಸಿಗೆ ಜ್ಞಾನೋದಯವಾಗಿ, 1935ರಿಂದ ಸಾಲುಸಾಲಾಗಿ ತಾಟಸ್ಥ್ಯ ಕಾಯಿದೆಗಳು ಬಂದವು: ಯುದ್ಧನಿರತರಿಗೆ ಶಸ್ತ್ರ ಕೊಡಬಾರದು, ಸಾಲ ಕೊಡಬಾರದು, ಅವರ ಹಡಗು ಹತ್ತಬಾರದು. ಬ್ರಯನ್ 1925ರಲ್ಲಿಯೇ ತೀರಿಕೊಂಡಿದ್ದರು. ಈ ಕಾಯಿದೆಗಳು ಜಾರಿಯಲ್ಲಿರುವಾಗಲೇ ಯುರೋಪಿನಲ್ಲಿ ಇನ್ನೊಂದು ಮಹಾಯುದ್ಧ ಹೊತ್ತಿಕೊಂಡಿತು. ಮೊದಲು, ರೊಕ್ಕ ಎಣಿಸಿ ನಿಮ್ಮ ಹಡಗಿನಲ್ಲೇ ಶಸ್ತ್ರ ಒಯ್ಯಿರಿ ಎಂದು ತಿದ್ದುಪಡಿಯಾಯಿತು. ಬ್ರಿಟನ್ನಿನ ರೊಕ್ಕ ಮುಗಿದ ಮೇಲೆ, 1941ರ ಮಾರ್ಚಿನಲ್ಲಿ, ಸಾಲವೂ ಅಲ್ಲದ ಉದ್ರಿಯೂ ಅಲ್ಲದ ಎರವಲು ಕಾಯಿದೆ ಬಂತು. ಬ್ರಿಟನ್ನಿಗೆ ಟ್ಯಾಂಕು, ವಿಮಾನಗಳನ್ನು ಎರವಲು ಕೊಡುವ ಆ ಶಾಸನಕ್ಕೆ ಅಮೆರಿಕದ ರಕ್ಷಣೆಯನ್ನು ಉತ್ತೇಜಿಸುವ ಕಾಯಿದೆ ಎಂದು ಹೆಸರಿಟ್ಟರು, ಕೆಳಮನೆಯಲ್ಲಿ ಮಸೂದೆಗೆ 1776 ಎಂಬ ಸಂಖ್ಯೆ ಕೊಟ್ಟರು, ಮತ್ತು ಈ ಸಲ ಯಾರನ್ನೂ ಜೈಲಿಗೆ ಹಾಕಲಿಲ್ಲ.